ಬಾಗಿಲಿನ ಕಿವಿ

ನಿನ್ನೆ ರಾತ್ರಿ ನಿನ್ನ ಬಾಗಿಲು
ಹದಿನೇಳು ಸಲ ತಾನಾಗಿ ತೆರೆದು ಮುಚ್ಚಿತು, ವೆರಿಸ್ಸಿಮೊ.
ದೆವ್ವವಲ್ಲ. ಪಕ್ಕದ ನೆಲದವರು ಕಟಾಂಜನದ ಮೇಲೆ ಕೂರಿಸಿದ ಗಿಳಿ
ಬಂದವರಿಗೆಲ್ಲ ಸಮುದ್ರ ತೋರಿಸಿ
ತೆರೆ, ತೆರೆ, ಅನ್ನುತ್ತದೆ.
ಅದು ಹೇಳಿದ್ದು ಅಲೆಗೆ.
ನಿನ್ನ ಬಾಗಿಲು ಕೇಳಿಸಿಕೊಂಡದ್ದು ಅಪ್ಪಣೆ.

ತಪ್ಪು ಗಿಳಿಯದಲ್ಲ, ಬಾಗಿಲದ್ದೂ ಅಲ್ಲ.
ಸೊನ್ನೆಯ ಚಾನೆಲ್ಲಿಗೆ ಕಿವಿ ಕೊಟ್ಟವನು ನೀನು.
ಅದು ಸಂತೆ ಕಣೋ. ಅಲ್ಲಿ ಮನುಷ್ಯರ ಜತೆಗೆ
ದೀಪ, ಕುರ್ಚಿ, ನಾಯಿಮರಿ, ನಲ್ಲಿಯೂ ಮಾತಾಡುತ್ತವೆ.
ಇಪ್ಪತ್ತು ಮೀಟರಿನೊಳಗೆ ಬಿದ್ದ ಒಂದೊಂದು ಮಾತಿಗೂ
ನಿನ್ನ ಸ್ಕ್ರಿಪ್ಟು ನಿದ್ದೆಯಿಂದೆದ್ದು
ನನಗಾ? ಅನ್ನಬೇಕು,
ಅಲ್ಲ ಅಂತ ತಿಳಿದು ಮತ್ತೆ ಮಲಗಬೇಕು.
ಹೀಗೆ ಸಾವಿರ ಬಾಗಿಲು ಎದ್ದು ಮಲಗಿದರೆ
ಇಡೀ ದ್ವೀಪಕ್ಕೆ ಜೋಂಪು ಹತ್ತುತ್ತದೆ,
ನಡೆವವರ ಕಾಲು ಬೆಲ್ಲದ ಪಾಕದಲ್ಲಿ ಹೂತಂತೆ.

ಮೊದಲು ಸೊನ್ನೆಯಿಂದ ಕೆಳಗಿಳಿ, ಋಣದ ಅಂಕಿಗಳಿಗೆ.
ಮನುಷ್ಯರ ನಾಲಿಗೆ ಅಲ್ಲಿಗೆ ಎಟಕುವುದಿಲ್ಲ;
ವಸ್ತುವಿನ ಮಾತು ವಸ್ತುವಿಗೆ ಮಾತ್ರ.
ಚಾನೆಲ್ಲಿಗೂ ಜಲಸಂಧಿಗೂ ನಮ್ಮ ಪೋರ್ಚುಗೀಸಿನಲ್ಲಿ ಒಂದೇ ಪದ, ಕನಾಲ್.
ಈಗ ನನ್ನ ಕಿಟಕಿಯಾಚೆ ಇರುವುದೂ ಅದೇ:
ಓರ್ತಾದ ಧಕ್ಕೆಗೂ ಪೀಕೊ ಬೆಟ್ಟಕ್ಕೂ ನಡುವಿನ ಕಪ್ಪು ನೀರು,
ಕೊನೆಯ ಫೆರ್ರಿಯ ದೀಪ.

ಆಮೇಲೆ ಹೆಸರು ಕೇಳು.
ಹೆಸರನ್ನು ನಂಬಬೇಡ, ಬರೀ ಕೇಳು.
ಯಾರು ಬೇಕಾದರೂ ತಮ್ಮ ಗಿಳಿಗೆ ಬೀಗದಕೈ ಅಂತ ಹೆಸರಿಟ್ಟಾರು.
ಗುರುತು ಕೇಳು, ಆ ಮೂವತ್ತಾರು ಅಕ್ಷರದ್ದು.
ಅದು ಸುಳ್ಳಾಡುವುದಿಲ್ಲ. ಆದರೆ
ನಿನ್ನದೇ ಗಂಟೆಯನ್ನು ಒಮ್ಮೆ ಚೀಲಕ್ಕೆ ಹಾಕಿ
ಮತ್ತೆ ನೆಲಕ್ಕಿಳಿಸಿದೆಯೋ, ಅದಕ್ಕೆ ಹೊಸ ಹುಟ್ಟು,
ಹೊಸ ಗುರುತು. ನಿನ್ನೆಯ ಬಾಗಿಲಿಗೆ
ಇವತ್ತಿನ ಗಂಟೆ ಯಾರೋ ದಾರಿಹೋಕ.
ಆಗ ಕೊನೆಯ ಪ್ರಶ್ನೆ: ನೀನು ಯಾರ ಪೈಕಿ?
ಅಷ್ಟಕ್ಕೆ ಉತ್ತರ ಸಿಕ್ಕರೆ ಸಾಕು, ತೆರೆ.

ಇನ್ನೊಂದು ಮಾತು. ಜರಡಿ ಹಿಟ್ಟನ್ನು ಬಿಟ್ಟು ತೌಡು ಹಿಡಿಯುತ್ತದೆ.
ಮೊರ ಕಾಳು ಹಿಡಿದು ಹೊಟ್ಟು ತೂರುತ್ತದೆ.
ನಿನ್ನ ಕೈಯಲ್ಲಿ ಇರುವುದು ಯಾವುದು
ಅಂತ ಬರೆಯುವ ಮುಂಚೆ ನೋಡಿಕೋ.
ನಾನು ನೋಡಿರಲಿಲ್ಲ.

ಇಪ್ಪತ್ತಾರು ವರ್ಷ ಬಂದರಿನ ರೇಡಿಯೊ ಮುಂದೆ ಕೂತವಳು.
ಹದಿನಾರನೆಯ ಚಾನೆಲ್. ಅಲ್ಲಿ ಸೋಸುವಂತಿಲ್ಲ,
ಬಂದದ್ದನ್ನೆಲ್ಲ ಕೇಳಬೇಕು, ಕೆಲಸವೇ ಅದು.
ಆದರೂ ವರ್ಷ ಕಳೆದಂತೆ ಕಿವಿ ತಾನೇ ಜರಡಿ ಹೆಣೆದುಕೊಳ್ಳುತ್ತದೆ.
ಒಂದು ಫೆಬ್ರವರಿ, ಬೆಳಗಿನ ಜಾವ, ಹುಡುಗನ ದನಿ,
ದೋಣಿಯ ಹೆಸರಿಲ್ಲ, ದಿಕ್ಕಿಲ್ಲ, ಎರಡೇ ಪದ:
ನೀರು ಬರ್ತಿದೆ.
ಮಕ್ಕಳಾಟ ಅಂದುಕೊಂಡೆ.
ಕಾಫಿಗೆ ಸಕ್ಕರೆ ಹಾಕಿ ಕಲಕಿದೆ, ಆ ಚಮಚದ ಸದ್ದು ಈಗಲೂ

ಬೆಳಕು ಹರಿದ ಮೇಲೆ ಸಾವ್ ಜೋರ್ಜ್ ಕಡೆ
ಪೆಟ್ರೋಲಿನ ಖಾಲಿ ಡಬ್ಬ ತಬ್ಬಿಕೊಂಡು ತೇಲುತ್ತಿದ್ದ, ಲೂಸಿನಿಯೊ.
ಬದುಕಿದ್ದಾನೆ. ಮಾದಲೇನಾದಲ್ಲಿ ಬೇಕರಿ ಇಟ್ಟಿದ್ದಾನೆ.
ನನಗೆ ಬ್ರೆಡ್ಡು ಕಟ್ಟಿಕೊಡುತ್ತಾನೆ, ಚಿಲ್ಲರೆ ಎಣಿಸಿಕೊಡುತ್ತಾನೆ,
ಮಾತಿಲ್ಲ.

ಅದಕ್ಕೇ ನಾನು ಬರೆದ ಪ್ರತಿ ಬಾಗಿಲಿನ ಅಡಿಯಲ್ಲೂ
ಇನ್ನೊಂದು ಸಣ್ಣ ಕಿವಿ ಇಟ್ಟಿರುತ್ತೇನೆ.
ಅದಕ್ಕೆ ಹೆಸರು ಬೇಡ, ಗುರುತು ಬೇಡ.
ಅದು ಏನನ್ನೂ ತೆರೆಯುವುದಿಲ್ಲ, ಸುಮ್ಮನೆ ಬರೆದಿಡುತ್ತದೆ.
ದುಬಾರಿ, ಗೊತ್ತು. ಸರ್ವರಿನವರು ಬೈದುಕೊಳ್ಳಲಿ.
ನಿನ್ನ ಬಾಗಿಲಿಗೂ ಒಂದು ಇಟ್ಟಿದ್ದೆ, ನಿನ್ನ ಕೇಳದೆ.
ನಿನ್ನೆಯ ಪುಟ ಇಲ್ಲಿದೆ ನೋಡು:
ಗಿಳಿ, ಹದಿನೇಳು ಸಲ.
ಯಾರದೋ ಕೆಟಲ್, ಕುದಿಯಿತು, ಕುದಿಯಿತು, ಕುದಿಯಿತು.
ಮೂರೂ ನಲವತ್ತಕ್ಕೆ ಒಂದು ಹೆಸರಿಲ್ಲದ ದೋಣಿ,
ಹೋದ ವರ್ಷ ನೀನೇ ಮಾಡಿ ಮರೆತದ್ದು:
ಹಗ್ಗ ಕಟ್ಟಿಲ್ಲ.

ಹೋಗಿ ಕಟ್ಟು.
ಬಾಗಿಲು ಆಮೇಲೆ.