ಪಾದ

ಹೆರ್ಗೈರ್ ಬಿಟ್ಟುಹೋದದ್ದು
ಒಂದು ಕುಂಟು ಕುರ್ಚಿ, ಮೇಜಿನ ಮೇಲೆ ಕಾಫಿಯ ಉಂಗುರ,
ಮತ್ತು ನಾನೂರ ಹನ್ನೆರಡು ಪುಟ:
ಕ್ಲಾಕ್ಸ್‌ವೀಕ್ ಬಂದರಿನ ದೋಣಿ ವೇಳೆ, ಹಗ್ಗದ ಬಾಡಿಗೆ,
ಕುರಿಯೊಂದಕ್ಕೆ ಟಿಕೆಟ್ಟು ಎಷ್ಟು.

ಪ್ರತಿ ಪುಟದ ಬುಡದಲ್ಲೂ ಅದೇ ಒಂದು ಸಾಲು.
ಕಂಸ, ಉದ್ಗಾರ, ಎರಡು ಗೀಟು, ಒಂದು ಹ್ಯಾಷ್,
ಆಮೇಲೆ ಒಂದು ಬೇಡಿಕೆ:
ಪಾದ ಅನ್ನುವ ಕಡತವನ್ನು ಇಲ್ಲಿಗೆ ತಾ.

ಸರ್ವರು ಓದಿದರೆ ತರುತ್ತದೆ.
ಓದದಿದ್ದರೆ ಆ ಸಾಲು ಬರೀ ಟಿಪ್ಪಣಿ,
ದೂರದೆ ಕೊಸರದೆ ಒಳಗೇ ಮಲಗಿರುತ್ತದೆ.
ಮಲಗಿದವರನ್ನು ದಾಟಬಾರದೆಂದು
ಬಳಸಿಕೊಂಡು ಹೋಗುತ್ತದೆ ಬ್ರೌಸರು.

ಮಾರ್ಚಿಯಲ್ಲಿ ಬಂದರಿನವರು ಅಂದರು:
ಸುನ್ವಾ, ಇವತ್ತು ದೋಣಿ ಉಂಟೋ ಇಲ್ಲವೋ
ಎಲ್ಲ ಪುಟದಲ್ಲೂ ಕಾಣಬೇಕು.
ಇಲ್ಲಿಯ ಗಾಳಿಗೋ, ಗಂಟೆಗೊಂದು ಬುದ್ಧಿ.
ಹೆರ್ಗೈರನ ಪಾದಕ್ಕೆ ಲೆಕ್ಕ ಬಾರದು,
ಇಟ್ಟದ್ದನ್ನು ಇಟ್ಟ ಹಾಗೇ ಎತ್ತಿ ತರುವ ಆಳು ಅದು.

ಪಿಎಚ್‌ಪಿಯಲ್ಲಿ ಆರು ಸಾಲು ಬರೆದೆ.
ಗಾಳಿಯನ್ನು ಕೇಳು,
ಸೆಕೆಂಡಿಗೆ ಹದಿನೆಂಟು ಮೀಟರು ದಾಟಿದರೆ ಇಲ್ಲ ಅನ್ನು.
ಅವನ ಪುಟದೊಳಗೇ ಹುದುಗಿಸಿದೆ.
ಏನೂ ಇಲ್ಲ.
ಮೂಲ ತೆಗೆದು ನೋಡಿದರೆ
ನನ್ನ ಆರೂ ಸಾಲು, ಒಲೆ ಕಾಣದ ಅಕ್ಕಿ.

ಪುಟದ ಹೆಸರನ್ನೇ ಪಿಎಚ್‌ಪಿ ಮಾಡಿದೆ.
ನನ್ನದು ಬಾಯಿಬಿಟ್ಟಿತು: ಗಾಳಿ ಹನ್ನೊಂದು, ದೋಣಿ ಉಂಟು.
ಅವನದು ಮಲಗಿತು.
ಎತ್ತು ಏರಿಗೆ, ಕೋಣ ನೀರಿಗೆ,
ನಡುವೆ ನಾನು, ತಣ್ಣಗಾದ ಮೀನು ಸಾರು.

ಅಷ್ಟರಲ್ಲಿ ಸ್ವೀನೊಯ್ ದ್ವೀಪದಿಂದ ಬಿಲ್‌ಹಿಲ್ಡ್ ಅಜ್ಜಿಯ ಫೋನು:
ಕೆಳಗೊಂದು ಸಾಲಿತ್ತಲ್ಲ, ಎಲ್ಲಿ ಹೋಯಿತು?
ಯಾವ ಸಾಲಜ್ಜಿ?
‘ತಪ್ಪು ಕಂಡರೆ ಹೆರ್ಗೈರ್‌ಗೆ ಹೇಳಿ.’
ಏನು ತಪ್ಪು ಕಂಡಿರಿ?
ಏನೂ ಇಲ್ಲಮ್ಮ. ಸಾಲು ಇರಲಿ ಅಂತ.

ಆ ರಾತ್ರಿ ಎಲ್ಲ ಹೆಸರೂ ಮೊದಲಿನಂತೆ ತಿರುಗಿಸಿದೆ.
ಅವನ ಸಾಲಿನ ಕೊನೆಯಲ್ಲಿ ಮಾತ್ರ
ನಾಲ್ಕು ಅಕ್ಷರ ಅಳಿಸಿ ಮೂರು ಬರೆದೆ.
ಈಗ ಅವನ ಸಾಲು ಕರೆಯುತ್ತದೆ.
ಸರ್ವರು ತನ್ನ ಮನೆಯದೇ ಇನ್ನೊಂದು ಬಾಗಿಲಿಗೆ
ಹೊಸ ನೆಂಟನ ಹಾಗೆ ಹೋಗಿ ತಟ್ಟುತ್ತದೆ,
ಒಳಗೆ ಪಿಎಚ್‌ಪಿ ಎದ್ದು, ಗಾಳಿಯನ್ನು ವಿಚಾರಿಸಿ,
ಬೇಯಿಸಿ, ಬಡಿಸಿ, ಕಳಿಸುತ್ತದೆ.
ಕರೆದವನಿಗೆ ಅಡುಗೆ ಗೊತ್ತಿಲ್ಲ.
ಅಟ್ಟವಳಿಗೆ ಉಣ್ಣುವವರು ಯಾರೆಂದು ಗೊತ್ತಿಲ್ಲ.
ಎಲೆ ಮಾತ್ರ ತುಂಬಿದೆ,
ನಾನೂರ ಹನ್ನೆರಡೂ.

ಬೆಳಿಗ್ಗೆ: ಗಾಳಿ ಇಪ್ಪತ್ತೊಂದು. ದೋಣಿ ಇಲ್ಲ.
ಅದರ ಕೆಳಗೆ ಅವನ ಹಳೆಯ ಸಾಲು,
ಹಳೆಯ ನಂಬರಿನ ಸಮೇತ. ತೆಗೆಯಲಿಲ್ಲ.

ಒಂಬತ್ತಕ್ಕೆ ಫೋನು ಬಂತು, ವಿಯಾರೈಯಿಂದ,
ಹಿಂದೆ ಕುರಿಗಳ ಸದ್ದು, ಬೇಲಿಗೆ ಗೂಟ ಹೊಡೆಯುವ ಸದ್ದು.
‘ಗಾಳಿ ಇಪ್ಪತ್ತೊಂದಲ್ಲ, ಹತ್ತೊಂಬತ್ತು.
ನಿನ್ನ ಪಾದದಲ್ಲಿ ತಪ್ಪು ಕಂಡೆ.
ಈಗ ಯಾರಿಗೆ ಹೇಳಲಿ?’