ಹಲ್ಲುಕಡಿತ

"ರಾತ್ರಿ ಹೊತ್ತು ಏನು ಅಗೀತೀರಿ?" ಅಂದರು ನುಸ್ರತ್ ಡಾಕ್ಟರು,
ಶ್ರೀನಗರದ ಮಹಡಿ ಮೇಲಿನ ಕ್ಲಿನಿಕ್ಕಿನಲ್ಲಿ
ಕಡ್ಡಿ ಕನ್ನಡಿಯೊಂದನ್ನು ಬಾಯೊಳಗೆ ತೂರಿಸಿ.
ನಕ್ಕೆ. ಬಾಯಿ ಆಗಲೇ ತೆರೆದಿದ್ದರಿಂದ
ಅವರಿಗೆ ಗೊತ್ತಾಗಲಿಲ್ಲ.

ದವಡೆಹಲ್ಲು ಸವೆದು ಚಪ್ಪಟೆ.
ಚಿಕ್ಕಂದಿನಲ್ಲಿ ನಮ್ಮ ಗವಿಪುರದ ಓಣಿಗೆ ಒಬ್ಬಾಕೆ ಬರುತ್ತಿದ್ದಳು,
ಚೀಲದಲ್ಲಿ ಉಳಿ ಸುತ್ತಿಗೆ ಕುಲುಕಿಸುತ್ತ,
"ಒರಳಿಗೆ ಮುಳ್ಳು ಹೊಡೀತೀವಮ್ಮೋ" ಅಂತ.
ಕಲ್ಲು ನುಣ್ಣಗಾದರೆ ಅಕ್ಕಿ ಜಾರುತ್ತೆ, ಅರೆಯೋದಿಲ್ಲ.
ಆಕೆ ಈಗಿಲ್ಲ. ಇದ್ದರೂ ಹಲ್ಲಿಗೆ ಹೊಡೆಯುತ್ತಿರಲಿಲ್ಲ.

ಅಗಿದದ್ದು ಏನಂತ ಹೇಳಲಿ.
ಟ್ರಿಪ್ ಶೀಟಿನಲ್ಲಿ ಐವತ್ತೈದು ನಿಮಿಷ ಅಂತಿರುತ್ತೆ.
ಗೊರಗುಂಟೆಪಾಳ್ಯದ ಸಿಗ್ನಲ್ಲು ಅದನ್ನು ಓದಿಲ್ಲ.
ಟಿನ್ ಫ್ಯಾಕ್ಟರಿ ಓದಿಲ್ಲ. ಹೆಬ್ಬಾಳದ ಇಳಿಜಾರಿನಲ್ಲಿ
ಮುಂದಿನ ಲಾರಿಯ ಬೆನ್ನ ಮೇಲಿನ "ತಾಯಿಯ ಆಶೀರ್ವಾದ"
ನಾನು ಮಾತ್ರ ಹದಿನೆಂಟು ವರ್ಷ ಓದಿದ್ದೇನೆ.
ಎಂಬತ್ತೈದಾಗುತ್ತೆ. ಮಿಕ್ಕ ಮೂವತ್ತು ಯಾರ ಲೆಕ್ಕಕ್ಕೆ?
ಕಂಟ್ರೋಲರ್ ಹನುಮಂತರಾಯಪ್ಪನ ಪುಸ್ತಕದಲ್ಲಿ
ಅದಕ್ಕೆ ಕಾಲಮ್ಮಿಲ್ಲ.
ನುಂಗಿದೆ. ದಿನಕ್ಕೆ ಆರು ಟ್ರಿಪ್ಪು, ಆರು ಸಲ.

ಮೊದಮೊದಲು ಬರೀ ಎದೆಯುರಿ,
ಮಜ್ಜಿಗೆ ಕುಡಿದರೆ ಹೋಗುತ್ತಿತ್ತು.
ಆಮೇಲೆ ಎಡಗಾಲು. ನಡುರಾತ್ರಿ ಹಾಸಿಗೆಯಲ್ಲಿ
ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತಂತೆ;
ಜಯಶೀಲ ಅದರ ಮೇಲೆ ದಿಂಬು ಹೇರಿ ಮಲಗುತ್ತಿದ್ದಳು.
ಬಿ.ಪಿ. ಅಂದರು. ಸಣ್ಣ ಗುಲಾಬಿ ಮಾತ್ರೆ.
ಕುಕ್ಕರ್ ಕೂಗಿದರೆ ಮೈ ಬೆಚ್ಚುವುದು.
ಯಾರೋ ಪ್ಲಾಸ್ಟಿಕ್ ಚೀಲ ಸರಪರ ಅನ್ನಿಸಿದರೆ ಕೊಲ್ಲುವಷ್ಟು ಸಿಟ್ಟು.
ಚೀಲ ನನ್ನ ತಂಗಿಯದು, ನನಗೇ ಅಂತ ಕಡಲೆಪುರಿ ತಂದಿದ್ದಳು.
ಒಂದು ಗುರುವಾರ ನಾಗವಾರದ ಹತ್ತಿರ
ಮುಂದಿನ ಸ್ಟಾಪು ಯಾವುದೆಂದೇ ಹೊಳೆಯಲಿಲ್ಲ.
ಕೈಕಾಲು ತಾವೇ ಬಸ್ಸನ್ನು ಕೊಂಡೊಯ್ದವು,
ನಾನು ಎಲ್ಲೋ ಹಿಂದೆ, ಟಿಕೆಟ್ಟಿಲ್ಲದವನ ಹಾಗೆ
ಮುದುರಿಕೊಂಡು ಕೂತಿದ್ದೆ.

ರಾತ್ರಿ ಹಾಕಿಕೊಳ್ಳಲು ಡಾಕ್ಟರು
ಹಲ್ಲಿನಳತೆಗೆ ಒಂದು ಅಚ್ಚು ಮಾಡಿಕೊಟ್ಟರು.
ಮೂರೂವರೆ ಸಾವಿರ.
"ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿದಂಗಿದೆ" ಅಂದಳು ಜಯಶೀಲ.
ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಅಂತಲೂ ಡಾಕ್ಟರು ಹೇಳಿದ್ದರು,
ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಈಗ ಕಡಿದರೂ ಸದ್ದಿಲ್ಲ.
ಮೊನ್ನೆ ಮೂರು ಗಂಟೆಗೆ ಎಚ್ಚರವಾಯಿತು.
ಕತ್ತಲಲ್ಲಿ ಕರಕರ, ಸ್ವಲ್ಪ ಬಿಟ್ಟು ಮತ್ತೆ ಕರಕರ.
ನಾಲಗೆಯಲ್ಲಿ ಮುಟ್ಟಿ ನೋಡಿಕೊಂಡೆ: ಅಚ್ಚು ಇದೆ.
ಇಲಿ ಅಂದುಕೊಂಡು ಅಡುಗೆಮನೆ ದೀಪ ಹಾಕಿದೆ.
ಅಲ್ಲ.
ಟೀವಿ ಪಕ್ಕದ ಚಾಪೆಯ ಮೇಲೆ ಇಂಪನ,
ಹತ್ತನೇ ಕ್ಲಾಸು, ಗಣಿತದ ಗೈಡು ಕೆನ್ನೆಯಡಿ ಮಡಚಿದೆ.
ಹಣೆ ಅವಳಮ್ಮನದು,
ದವಡೆ ನನ್ನದು.

ಪಕ್ಕದಲ್ಲಿ ಕೂತೆ. ಕಿವಿಯ ಕೆಳಗೆ ಬೆರಳಿಟ್ಟೆ.
ಚರ್ಮದಡಿ ಒಂದು ಗಂಟು ಏರುತ್ತ ಇಳಿಯುತ್ತಿತ್ತು.
ಎಬ್ಬಿಸಬೇಕೋ ಬೇಡವೋ ತಿಳಿಯಲಿಲ್ಲ.
ಬೆರಳು ತೆಗೆದರೆ ಮತ್ತೆ ಕರಕರ. ಇಟ್ಟರೆ ಇಲ್ಲ.

ಅವತ್ತು ನಾಲ್ಕೂವರೆಯ ಬಸ್ಸು
ನಾಲ್ಕು ಐವತ್ತಕ್ಕೆ ಡಿಪೋ ಬಿಟ್ಟಿತು.
ಹನುಮಂತರಾಯಪ್ಪ ಕೂಗಾಡಿದ.
"ಬರ್ಕೊಳ್ಳಿ ಸಾರ್" ಅಂದೆ.
ಕಾರಣ ಅಂತ ಏನು ಬರೀಲಿ ಅಂತ
ಪೆನ್ನು ಹಿಡಿದೇ ಕೂತಿದ್ದ,
ಕನ್ನಡಿಯಲ್ಲಿ ಕಾಣುವಷ್ಟು ದೂರದವರೆಗೂ.