ಹಳದಿ ಚೀಟಿ

ಅಕ್ಟೋಬರ್ ಪೂರ್ತಿ, ಬ್ಲ್ಯಾಕ್‌ಫುಟ್ ಊರಾಚೆ
ಬೀಟ್‌ಗೆಡ್ಡೆಯ ಲಾರಿಗಳನ್ನು ತೂಗುವವಳು ನಾನು.
ತುಂಬಿ ಬಂದಾಗೊಮ್ಮೆ, ಬರಿದಾಗಿ ಹೊರಟಾಗೊಮ್ಮೆ;
ನಡುವಿನ ಅಂತರಕ್ಕಷ್ಟೇ ದುಡ್ಡು.
ಹದಿನೇಳು ವರ್ಷವಾಯಿತು. ಮಣ್ಣನ್ನೂ ಗೆಡ್ಡೆಯೆಂದು ತೂಗಿಸುವವನ
ಮುಖ ನೋಡಿಯೇ ಹೇಳಬಲ್ಲೆ, ಎಷ್ಟು ಮಣ್ಣು.
ಮನೆಯಲ್ಲಿ ಮಾತ್ರ ಯಾರನ್ನೂ ತೂಗಿದವಳಲ್ಲ.

ಮಾರ್ಚಿನ ಶನಿವಾರ, ರೂಲನ್‌ನ ಅಂಗಳದಲ್ಲಿ
ಲಮಾರ್ ಒಂದು ಟಾಯ್ ಹಾಲರಿನ ಮುಂದೆ ನಿಂತುಬಿಟ್ಟ.
ಮೂವತ್ತಡಿ ಉದ್ದ. ಮುಂದೆ ಮನೆ, ಹಿಂದೆ ಗ್ಯಾರೇಜು,
ಹಿಂಬಾಗಿಲನ್ನು ಕೆಡವಿದರೆ ಅದೇ ಏರುಹಲಗೆ,
ಗುಂಡಿ ಒತ್ತಿದರೆ ಸೂರಿಗೇರುವ ಮಂಚ.
ಹೆಸರಿಗೆ ಆಟಿಕೆಯ ಗಾಡಿ.
ನಲವತ್ತೇಳರ ಗಂಡಸಿಗೆ ಆಟಿಕೆಯೆಂದರೆ
ಸೇಂಟ್ ಆಂಥೊನಿಯ ಮರಳುದಿಬ್ಬ ಹತ್ತುವ
ನಾಲ್ಕು ಗಾಲಿಯ ಎರಡು ಕೆಂಪು ಸದ್ದುಗಳು.

‘ನಿನ್ನ ಪಿಕಪ್ ಎಳೆಯೋದು ಒಂಬತ್ತು ಸಾವಿರದ ಮುನ್ನೂರು ಪೌಂಡು,
ಇದರ ಒಣತೂಕ ಬರೀ ಆರು ಸಾವಿರದ ಇನ್ನೂರು.
ಇನ್ನೇನು ಯೋಚನೆ?’ ಅಂದ ರೂಲನ್.

ಒಣತೂಕ!
ತೊಟ್ಟಿಯಲ್ಲಿ ನೀರಿಲ್ಲದ, ಸಿಲಿಂಡರಿನಲ್ಲಿ ಗ್ಯಾಸಿಲ್ಲದ,
ಡ್ರಾಯರಿನಲ್ಲಿ ಒಂದು ಚಮಚವೂ ಇಲ್ಲದ,
ಯಾರೂ ಇನ್ನೂ ಜಗಳವಾಡದ ಮನೆಯ ತೂಕ.

ನಾನು ಹೋಗಿ ಪಿಕಪ್ಪಿನ ಬಾಗಿಲು ತೆರೆದೆ.
ಬಾಗಿಲ ಸಂದಿನಲ್ಲಿ ಬೆರಳುದ್ದದ ಹಳದಿ ಚೀಟಿ.
ಎಳೆಯುವ ಮಾತು ಅಲ್ಲಿಲ್ಲ, ಹೊರುವ ಮಾತು ಮಾತ್ರ:
ಒಳಗೆ ಕೂರುವವರು, ಹೇರುವ ಸರಕು, ಎಲ್ಲ ಕೂಡಿ
ಸಾವಿರದ ನಾನೂರ ಎಂಬತ್ತು ದಾಟಕೂಡದು.
ಗಾಡಿಯ ಮೂಕಿ ಪಿಕಪ್ಪಿನ ಬೆನ್ನ ಮೇಲೆ ಒರಗುತ್ತದಲ್ಲ,
ಆ ಭಾರವೂ ಇದರಲ್ಲೇ.
ಮೂಕಿ ಹಗುರಾಗಲೆಂದು ಹಿಂದೆ ಹೇರಿದಿರೋ,
ಇಳಿಜಾರಿನಲ್ಲಿ ಗಾಡಿ ಹಾವಾಗುತ್ತದೆ.

ರಾತ್ರಿ ಅಡುಗೆಮನೆಯ ಮೇಜು. ಪೆನ್ಸಿಲ್.
ತುಂಬಿದ ದೊಡ್ಡ ಗಾಡಿಗೆ ಮೂಕಿಭಾರ ಸಾವಿರದ ನಲವತ್ತು,
ಕೊಂಡಿಯ ಕಬ್ಬಿಣ ಐವತ್ತು,
ನಮಗೆ ಉಳಿದದ್ದು ಮುನ್ನೂರ ತೊಂಬತ್ತು.
‘ಈಗ ಎಲ್ಲರೂ ನಿಜ ಹೇಳಿ’ ಅಂದೆ.

‘ಇನ್ನೂರ ಹದಿನೈದು’ ಅಂದ ಲಮಾರ್.
ಬರೆಯದೆ ಕಾದೆ.
ಫ್ರಿಜ್ ಗುಂಯ್‌ಗುಟ್ಟಿ ನಿಂತಿತು.
‘ಸರಿ, ನಲವತ್ತೆರಡು.’
ಅತ್ತೆ ಆರ್ಡಿತ್ ತಲೆಯೆತ್ತದೆ, ಹೆಣೆಯುತ್ತಲೇ: ‘ನೂರ ಇಪ್ಪತ್ತೇಳು.
ಹಲ್ಲುಸೆಟ್ಟು ಸೇರಿ.’
ನಾನು ನೂರ ಅರವತ್ತು. ಅದನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.
ಟೇಟರನ್ನು ಲಮಾರ್ ಎತ್ತಿಕೊಂಡು ತೂಕದ ಯಂತ್ರ ಹತ್ತಿದ,
ತನ್ನದನ್ನು ಕಳೆದ: ಅರವತ್ತೊಂದು.
ಬ್ರೈಲಿಗೆ ಹದಿನೈದು. ಬಾಯಿ ಬಿಡಲಿಲ್ಲ.
ಕಾಗದದ ಚೂರಿನಲ್ಲಿ ಬರೆದು, ನಾಲ್ಕು ಮಡಿಕೆ ಮಡಚಿ,
ಉಪ್ಪಿನ ಶೀಶೆಯ ಕೆಳಗಿಟ್ಟು ಎದ್ದುಹೋದಳು.

‘ನೂರ ಹದಿನೆಂಟು.
ನಾನು ಬರದಿದ್ದರೆ ದೊಡ್ಡದು ಆಗುತ್ತಾ?’

ಓದಿ ಲಮಾರನತ್ತ ಸರಿಸಿದೆ.
ಅವನು ಎರಡು ಸಲ ಓದಿದ.
ಲೆಕ್ಕ ಹೇಳುವುದಾದರೆ, ಅವಳು ಬರದಿದ್ದರೂ ಆಗುತ್ತಿರಲಿಲ್ಲ.
ಆ ರಾತ್ರಿ ಆ ಕಳೆಯುವ ಲೆಕ್ಕವನ್ನು
ನಮ್ಮಿಬ್ಬರಲ್ಲಿ ಯಾರೂ ಮಾಡಲಿಲ್ಲ.

ಸೋಮವಾರ ಒಂದು ಕೆಂಪು ಸದ್ದನ್ನು ಮಾರಿ ಬಂದ.
ಇಪ್ಪತ್ತೊಂದಡಿಯ ಗಾಡಿ, ಸಿಂಕು ಬೋಗುಣಿಯಷ್ಟು,
ಮಂಚ ಏರಿಸಲು ಗುಂಡಿಯಿಲ್ಲ, ಹಿಡಿಕೆ ತಿರುವಬೇಕು.
ನೀರು ದಿಬ್ಬದ ಬಳಿಯ ನಲ್ಲಿಯಲ್ಲೇ ತುಂಬಿಕೊಂಡರಾಯಿತು.
ಮೂಕಿಭಾರ ಏಳುನೂರು.

ಎಲ್ಲ ಕಳೆದು ಇಪ್ಪತ್ತೆರಡು ಪೌಂಡ್ ಉಳಿಯಿತು.
ಆರ್ಡಿತ್ ಕೇಳಲೂ ಇಲ್ಲ,
ತನ್ನ ಎರಕದ ಡಚ್ ಓವನ್ ತಂದು ಬಾಗಿಲಲ್ಲಿಟ್ಟಳು. ಇಪ್ಪತ್ತು.

ಮೇ ತಿಂಗಳಲ್ಲಿ ನನ್ನ ತೂಕದ ಕಟ್ಟೆಗೆ ಕೆಲಸವಿಲ್ಲ,
ತಟ್ಟೆಯ ಸುತ್ತ ಸಾಸಿವೆಹಳದಿ ಕಳೆಹೂವು.
ಹೊರಡುವ ಬೆಳಿಗ್ಗೆ ಅದರ ಮೇಲೆ ಹಾಯಿಸಿ ನಿಲ್ಲಿಸಿದೆವು.
ನಾನು ಕಿಟಕಿಯ ಈಚೆ, ಅವರೆಲ್ಲ ಗಾಡಿಯಲ್ಲಿ;
ಲಮಾರ್ ಉಸಿರು ಬಿಗಿಹಿಡಿದಿದ್ದ, ಹಗುರಾಗುವವನಂತೆ.
ಹಿಂದಿನ ಸೀಟಿನಿಂದ ಬ್ರೈಲಿ ಕೂಗಿದಳು:
‘ಅಮ್ಮ, ನೀನೇ ಒಳಗಿಲ್ಲ! ಇದು ಸುಳ್ಳು ತೂಕ!’

ಹೌದಲ್ಲ.
ಕಿಟಕಿ ಮುಚ್ಚಿ, ದೀಪ ಆರಿಸಿ,
ಹೋಗಿ ಹತ್ತಿ ಕೂತೆ.